ಸಂಬಳ ಕೊಡುವ ಕೈ, ಪ್ರೀತಿಸುವ ಕೈ

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ. ನ್ಯೂಯಾರ್ಕಿನ ಒಂದು ಬಾಡಿಗೆ ಮನೆಯಲ್ಲಿ ಇಬ್ಬರು ಭೇಟಿಯಾಗಿದ್ದಾರೆ. ಶೆಲ್ಡ್ರೇಕ್ ದೊಡ್ಡ ವಿಮಾ ಕಂಪನಿಯೊಂದರ ಸಿಬ್ಬಂದಿ ವಿಭಾಗದ ಮುಖ್ಯಸ್ಥ, ಹೆಂಡತಿ ಮಕ್ಕಳಿರುವವನು. ಫ್ರಾನ್ ಅದೇ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಹುಡುಗಿ. ಅವಳು ಅವನಿಗೆಂದು ಒಂದು ಗ್ರಾಮಫೋನ್ ತಟ್ಟೆ ತಂದಿದ್ದಾಳೆ. ಅವನು ಏನೂ ತಂದಿಲ್ಲ. ಪರ್ಸ್ ತೆಗೆದು ನೂರು ಡಾಲರಿನ ನೋಟೊಂದನ್ನು ಕೊಟ್ಟು, ನಿನಗೇನು ಬೇಕೋ ಕೊಂಡುಕೋ ಎನ್ನುತ್ತಾನೆ. ಆ ಒಂದು ನೋಟಿನಲ್ಲಿ ಫ್ರಾನ್‌ಗೆ ತಮ್ಮಿಬ್ಬರ ಸಂಬಂಧದ ಲೆಕ್ಕ ಪೂರ್ತಿ ಕಾಣುತ್ತದೆ. ಅವನು ಮನೆಗೆ ಹೊರಟುಹೋದ ಮೇಲೆ ಅವಳು ನಿದ್ದೆ ಮಾತ್ರೆಗಳನ್ನು ನುಂಗುತ್ತಾಳೆ.

ಬಿಲ್ಲಿ ವೈಲ್ಡರ್ ಅವರ ‘ದಿ ಅಪಾರ್ಟ್‌ಮೆಂಟ್’ (1960) ಚಿತ್ರದ ಈ ದೃಶ್ಯವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮೇಲಧಿಕಾರಿ ಮತ್ತು ಕೈಕೆಳಗಿನವರ ಪ್ರೇಮವನ್ನು ಸಿನಿಮಾ ಹುಟ್ಟಿದಾಗಿನಿಂದಲೂ ಹೇಳಿಕೊಂಡು ಬಂದಿದೆ. ಕಣ್ಣು ಕಣ್ಣು ಕಲೆತದ್ದು, ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಿಕೊಂಡದ್ದು, ತಡರಾತ್ರಿ ಕಚೇರಿಯಲ್ಲಿ ಉಳಿದದ್ದು, ಇವೆಲ್ಲ ನಮಗೆ ಬಾಯಿಪಾಠ. ಆದರೆ ಈ ಪ್ರೇಮಗಳ ನಡುವೆ ಒಂದು ಸಂಬಳವಿದೆ. ಒಬ್ಬರು ಕೊಡುವವರು, ಇನ್ನೊಬ್ಬರು ಪಡೆಯುವವರು. ಪಡೆಯುವವರು ‘ಬೇಡ’ ಎಂದರೆ ಅವರಿಗೆ ಏನಾಗುತ್ತದೆ? ‘ಹೂಂ’ ಎಂದರೆ ಅವರ ಕೆಲಸ ಏನಾಗುತ್ತದೆ? ಎಷ್ಟೋ ಸಿನಿಮಾಗಳನ್ನು ಈ ಎರಡು ಪ್ರಶ್ನೆಗಳೊಂದಿಗೆ ಮತ್ತೆ ನೋಡಿದಾಗ, ತೀರಾ ದಿಟ್ಟ ಎನಿಸಿಕೊಂಡ ಕೆಲವು ಅಳುಕಿನವಾಗಿ ಕಾಣುತ್ತವೆ. ಸಾಧಾರಣವೆಂದು ಬದಿಗಿಟ್ಟಿದ್ದ ಕೆಲವು ಎದ್ದು ನಿಲ್ಲುತ್ತವೆ. ಪ್ರೇಮ ಬಂದಾಗ ಕೆಲಸದ ಗತಿ ಏನಾಯಿತು ಎಂಬುದನ್ನು ಮರೆಯದ ಚಿತ್ರವೇ ಈ ಬಗೆಯಲ್ಲಿ ನಂಬಬಹುದಾದ ಚಿತ್ರ ಎಂಬುದು ನನ್ನ ತಿಳಿವಳಿಕೆ.

ಈ ಕಥೆಗಳ ತಾಯಿಬೇರು ಸಿನಿಮಾದಲ್ಲಿ ಇಲ್ಲ, 1847ರ ಒಂದು ಕಾದಂಬರಿಯಲ್ಲಿದೆ. ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’ನ ನಾಯಕಿ ವರ್ಷಕ್ಕೆ 30 ಪೌಂಡ್ ಸಂಬಳಕ್ಕೆ ಪಾಠ ಹೇಳಲು ದೊಡ್ಡ ಮನೆಯೊಂದಕ್ಕೆ ಬರುತ್ತಾಳೆ, ಯಜಮಾನ ರಾಚೆಸ್ಟರನನ್ನು ಪ್ರೀತಿಸುತ್ತಾಳೆ, ಅವನಿಗೆ ಬದುಕಿರುವ ಹೆಂಡತಿಯಿದ್ದಾಳೆಂದು ಗೊತ್ತಾದ ಕೂಡಲೇ ಕೈಯಲ್ಲಿದ್ದ ಚೂರುಪಾರು ಕಾಸು ಹಿಡಿದು ಮನೆ ಬಿಡುತ್ತಾಳೆ. ಅವಳು ಮರಳಿ ಬರುವ ಹೊತ್ತಿಗೆ ಚಿಕ್ಕಪ್ಪನಿಂದ ಬಂದ 20,000 ಪೌಂಡಿನಲ್ಲಿ ತನ್ನ ಪಾಲಿನ 5,000 ಇರುತ್ತದೆ. ಅವಳು ಮದುವೆಯಾಗುವುದು ಯಜಮಾನನನ್ನಲ್ಲ, ತನಗೆ ಸಂಬಳ ಕೊಡುವ ಅಗತ್ಯ ಇನ್ನಿಲ್ಲದ ಒಬ್ಬ ಮನುಷ್ಯನನ್ನು. ಬ್ರಾಂಟೆ ಆ ಹಣವನ್ನು ಕಥೆಯೊಳಗೆ ತಂದದ್ದು ಸುಮ್ಮನೆ ಅಲ್ಲ. ಇದರ ಮೇಲೆ ಬಂದ ಚಿತ್ರಗಳಲ್ಲಿ ಆರ್ಸನ್ ವೆಲ್ಸ್ ಮತ್ತು ಜೋನ್ ಫಾಂಟೇನ್ ನಟಿಸಿದ 1943ರದ್ದು ಹೆಸರುವಾಸಿ. 2011ರಲ್ಲಿ ಕ್ಯಾರಿ ಫುಕುನಾಗಾ ಮಾಡಿದ್ದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದು ಜೇನ್ ಮನೆಬಿಟ್ಟು ಓಡುವಲ್ಲಿಂದಲೇ ಶುರುವಾಗುತ್ತದೆ. ತಮಿಳಿನ ‘ಶಾಂತಿ ನಿಲಯಂ’ (1969) ಇದೇ ಬಳ್ಳಿಯದು. ಪಾಠ ಹೇಳಲು ಬಂದ ಹೆಣ್ಣು, ಗುಟ್ಟಿರುವ ಯಜಮಾನ ಎಂಬ ಎಳೆಯನ್ನು ಕನ್ನಡದ ‘ಪ್ರೇಮದ ಕಾಣಿಕೆ’ (1976) ಬೇರೆಯೇ ರೀತಿಯಲ್ಲಿ ತಿರುಗಿಸಿತು. ರೈಲಿನಲ್ಲಿ ಒಂದು ಕೊಲೆಯನ್ನು ಕಂಡ ಹೆಣ್ಣು ಕೆಲಸಕ್ಕೆಂದು ಎಸ್ಟೇಟಿಗೆ ಬಂದರೆ, ಅಲ್ಲಿನ ದಣಿಯೇ ಆ ಕೊಲೆಗಾರ. ರಾಜ್‌ಕುಮಾರ್ ಮತ್ತು ಆರತಿಯವರ ಆ ಚಿತ್ರದಲ್ಲಿ ಅವಳ ಭಯ ಮೊದಲು ಬರುತ್ತದೆ, ಉಳಿದದ್ದೆಲ್ಲ ಆಮೇಲೆ. ಉಣ್ಣಲು ಕೊಡುವವನಿಗೇ ಹೆದರುವ ಸ್ಥಿತಿ ಎಂಥದ್ದೆಂದು ನಮ್ಮ ಜನಪ್ರಿಯ ಸಿನಿಮಾ ಇಷ್ಟು ನೇರವಾಗಿ ತೋರಿಸಿದ್ದು ಅಪರೂಪ.

ಕಚೇರಿ ಬಂದ ಮೇಲೆ ಕಥೆಯ ಚಹರೆ ಬದಲಾಯಿತು. 1933ರ ‘ಬೇಬಿ ಫೇಸ್’ ಚಿತ್ರದಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ವಹಿಸಿದ ಲಿಲಿ ಬ್ಯಾಂಕೊಂದಕ್ಕೆ ಸೇರಿ, ಒಬ್ಬೊಬ್ಬ ಅಧಿಕಾರಿಯನ್ನೂ ತನ್ನತ್ತ ಸೆಳೆಯುತ್ತ ಮೇಲೇರುತ್ತಾಳೆ. ಪ್ರತಿ ಬಡ್ತಿಗೂ ಕ್ಯಾಮೆರಾ ಕಟ್ಟಡದ ಹೊರಗೋಡೆಯ ಮೇಲೆ ಒಂದೊಂದೇ ಮಹಡಿ ಹತ್ತುತ್ತದೆ. ಆಗಿನ ಸೆನ್ಸಾರಿಗೆ ಇದನ್ನು ಸಹಿಸಲಾಗಲಿಲ್ಲ. ಚಿತ್ರವನ್ನು ಕತ್ತರಿಸಿ ತಿದ್ದಿದ ಮೇಲಷ್ಟೇ ಬಿಡುಗಡೆಗೆ ಅವಕಾಶ ಸಿಕ್ಕಿತು. ಕತ್ತರಿ ಬೀಳದ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸಿಕ್ಕಿದ್ದು 2004ರಲ್ಲಿ. ಈಗ ನೋಡಿದರೆ ಅದರಲ್ಲಿ ನಮ್ಮನ್ನು ತಟ್ಟುವುದು ಲಿಲಿಯ ಚಾಲಾಕಿತನಕ್ಕಿಂತ ಹೆಚ್ಚಾಗಿ, ಆ ಗಂಡಸರಲ್ಲಿ ಒಬ್ಬನಿಗೂ ತಾನು ಮೋಸ ಹೋಗುತ್ತಿದ್ದೇನೆಂದು ಅನಿಸದೇ ಇರುವುದು. ಮೇಲೆ ಕುಳಿತವನಿಗೆ ತನ್ನನ್ನು ಎಲ್ಲರೂ ಮೆಚ್ಚುವುದು ಸಹಜವೆಂದೇ ತೋರುತ್ತದೆ. ಆ ಕುರುಡು ಇಂದಿಗೂ ಹೋಗಿಲ್ಲ.

‘ದಿ ಅಪಾರ್ಟ್‌ಮೆಂಟ್’ಗೆ ಮರಳೋಣ. ಅದರ ನಿಜವಾದ ಪ್ರೇಮ ಫ್ರಾನ್ ಮತ್ತು ಸಿ. ಸಿ. ಬ್ಯಾಕ್ಸ್ಟರನದು. ಬ್ಯಾಕ್ಸ್ಟರ್ ಆ ಕಂಪನಿಯ ಮುಖ್ಯ ಕಚೇರಿಯ 31,259 ನೌಕರರಲ್ಲಿ ಒಬ್ಬ ಗುಮಾಸ್ತ. ಮೇಲಧಿಕಾರಿಗಳ ಗುಟ್ಟಿನ ಭೇಟಿಗಳಿಗೆ ತನ್ನ ಮನೆಯ ಕೀಲಿಕೈ ಕೊಟ್ಟು ಬಡ್ತಿ ಗಿಟ್ಟಿಸುತ್ತಿರುವವನು. ಕಲಾ ನಿರ್ದೇಶಕ ಅಲೆಕ್ಸಾಂದ್ರ್ ತ್ರೌನೆ ಕಚೇರಿಯ ಹಿಂಭಾಗದಲ್ಲಿ ಚಿಕ್ಕ ಮೇಜುಗಳನ್ನೂ ಕುಳ್ಳಗಿನ ಜನರನ್ನೂ ಕೂರಿಸಿ ಆ ಹಾಲಿಗೆ ಕೊನೆಯೇ ಇಲ್ಲವೆಂಬ ಭ್ರಮೆ ಹುಟ್ಟಿಸಿದರು. ಅಲ್ಲಿ ಕುಳಿತವನಿಗೆ ಮಾನ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಆ ಹಾಲೇ ಹೇಳುತ್ತದೆ. ಶೆಲ್ಡ್ರೇಕ್ ಮತ್ತೆ ಕೀಲಿಕೈ ಕೇಳಿದಾಗ ಬ್ಯಾಕ್ಸ್ಟರ್ ಕೊಡುವುದು ಮನೆಯದನ್ನಲ್ಲ, ಅಧಿಕಾರಿಗಳ ಶೌಚಾಲಯದ್ದನ್ನು. ಅಂದರೆ ಕೆಲಸವನ್ನೇ ವಾಪಸು ಕೊಡುತ್ತಾನೆ. ಫ್ರಾನ್ ಅವನನ್ನು ಹುಡುಕಿಕೊಂಡು ಓಡಿಬರುವುದು ಅದನ್ನು ಕೇಳಿದ ಮೇಲೆ. ಶ್ರೇಷ್ಠ ಚಿತ್ರವೂ ಸೇರಿ ಐದು ಆಸ್ಕರ್ ಗೆದ್ದ ಈ ಚಿತ್ರದ ಛಾಯೆ ಅನುರಾಗ್ ಬಸು ಅವರ ‘ಲೈಫ್ ಇನ್ ಎ ಮೆಟ್ರೋ’ (2007) ಚಿತ್ರದಲ್ಲೂ ಇದೆ. ಕಾಲ್ ಸೆಂಟರಿನ ಮುಂಬಯಿಗೆ ಅದು ಸಲೀಸಾಗಿ ಹೊಂದಿಕೊಂಡಿತು.

ರೂಢಿ ಮೀರಿದ ಪ್ರೇಮ ಎಂದಾಗ ಸಿನಿಮಾ ಬಲ್ಲವರು ತಪ್ಪದೆ ನೆನೆಯುವ ಚಿತ್ರ ಸ್ಟೀವನ್ ಶೈನ್‌ಬರ್ಗ್ ಅವರ ‘ಸೆಕ್ರೆಟರಿ’ (2002). ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ಲೀ ಹಾಲೊವೇ (ಮ್ಯಾಗಿ ಜಿಲೆನ್‌ಹಾಲ್) ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಹುಡುಗಿ. ಮಾನಸಿಕ ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದಿದ್ದಾಳೆ. ಬೆರಳಚ್ಚು ಕಲಿತು ಜೀವನದ ಮೊದಲ ಕೆಲಸ ಹಿಡಿಯುತ್ತಾಳೆ. ಕೆಲಸ ಕೊಟ್ಟವನು ವಕೀಲ ಎಡ್ವರ್ಡ್ ಗ್ರೇ (ಜೇಮ್ಸ್ ಸ್ಪೇಡರ್), ಆರ್ಕಿಡ್ ಬೆಳೆಸುವ, ಕೆಂಪು ಪೆನ್ನುಗಳನ್ನು ಸಾಲಾಗಿ ಜೋಡಿಸಿಟ್ಟುಕೊಳ್ಳುವ, ಮನುಷ್ಯರೆಂದರೆ ಮುದುಡುವ ಗಂಡಸು. ಅವಳು ಟೈಪ್ ಮಾಡಿದ ಕಾಗದದ ತಪ್ಪುಗಳಿಗೆ ಅವನು ಕೆಂಪು ಸುತ್ತು ಹಾಕುತ್ತಾನೆ. ಒಂದು ದಿನ ಅವಳನ್ನು ಮೇಜಿನ ಮೇಲೆ ಬಾಗಿ ಆ ಕಾಗದವನ್ನು ಗಟ್ಟಿಯಾಗಿ ಓದಲು ಹೇಳಿ ಹಿಂದಿನಿಂದ ಹೊಡೆಯುತ್ತಾನೆ. ಅವಳು ಬೆಚ್ಚುತ್ತಾಳೆ. ಆಮೇಲೆ ಅದು ತನಗೆ ಬೇಕಾದದ್ದೇ ಎಂದು ತಿಳಿಯುತ್ತಾಳೆ. ಇನ್ನೆಂದೂ ಮೈ ಕೊಯ್ದುಕೊಳ್ಳಬೇಡ ಎಂದು ಅವನು ಆಜ್ಞೆ ಮಾಡುತ್ತಾನೆ. ವೈದ್ಯರು, ಮನೆಯವರು ಯಾರಿಂದಲೂ ಆಗದ್ದು ಆ ಆಜ್ಞೆಯಿಂದ ಆಗುತ್ತದೆ. ನೋವು ಮತ್ತು ಶರಣಾಗತಿಯಲ್ಲಿ ಸುಖ ಕಾಣುವವರನ್ನು ರೋಗಿಗಳೆಂದೋ ರಾಕ್ಷಸರೆಂದೋ ತೋರಿಸುತ್ತಿದ್ದ ಸಿನಿಮಾಕ್ಕೆ ಇದು ದೊಡ್ಡ ತಿರುವು. ಸನ್‌ಡಾನ್ಸ್ ಚಿತ್ರೋತ್ಸವ ಅದರ ಸ್ವಂತಿಕೆಗೆಂದು ವಿಶೇಷ ಪ್ರಶಸ್ತಿ ಕೊಟ್ಟಿತು. ಜಿಲೆನ್‌ಹಾಲ್ ಅವರ ಮುಖದಲ್ಲಿ ನಾಚಿಕೆ, ಕುತೂಹಲ, ಗೆದ್ದ ಖುಷಿ ಒಂದರ ಹಿಂದೆ ಒಂದು ಹಾಯುವುದನ್ನು ಎಷ್ಟು ಸಲ ನೋಡಿದರೂ ತೀರುವುದಿಲ್ಲ.

ಈ ಚಿತ್ರದ ಜಾಣತನ ಅದರ ಕೊನೆಯಲ್ಲಿದೆ. ಗ್ರೇ ನಾಚಿಕೆಯಿಂದ ಹೆದರಿ ಅವಳನ್ನು ಕೆಲಸದಿಂದ ತೆಗೆಯುತ್ತಾನೆ. ಅವಳು ಇನ್ನೊಬ್ಬನನ್ನು ಮದುವೆಯಾಗಲು ಹೊರಟು, ಮದುವೆಯ ಉಡುಪಿನಲ್ಲೇ ಗ್ರೇಯ ಕಚೇರಿಗೆ ಓಡಿಬಂದು, ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತಾಳೆ. ಮೇಜಿನ ಮೇಲೆ ಎರಡೂ ಕೈ ಊರಿ, ಪಾದ ನೆಲದಿಂದ ಎತ್ತದೆ, ನಾನು ಬರುವವರೆಗೆ ಕೂತಿರು ಎಂದು ಹೇಳಿ ಅವನು ಹೊರಟುಹೋಗುತ್ತಾನೆ. ಅವಳು ದಿನಗಟ್ಟಲೆ ಅನ್ನ ನೀರಿಲ್ಲದೆ ಕೂರುತ್ತಾಳೆ. ಅಪ್ಪ ಬರುತ್ತಾನೆ, ಪಾದ್ರಿ ಬರುತ್ತಾನೆ, ಸ್ತ್ರೀವಾದಿ ಪುಸ್ತಕ ಹಿಡಿದವಳು ಬರುತ್ತಾಳೆ. ಯಾರ ಮಾತಿಗೂ ಅವಳು ಏಳುವುದಿಲ್ಲ. ಗಮನಿಸಿ: ಈ ಕಟ್ಟಕಡೆಯ ಆಜ್ಞೆ ಬರುವಾಗ ಅವಳು ನೌಕರಳಲ್ಲ. ಎದ್ದು ಹೋದರೆ ಅವಳ ಸಂಬಳ ಹೋಗುವುದಿಲ್ಲ, ಕೂತರೆ ಬರುವುದೂ ಇಲ್ಲ. ಸಂಬಳದ ನಂಟು ಕಡಿದ ಮೇಲಷ್ಟೇ ಅವಳ ಒಪ್ಪಿಗೆ ಪೂರ್ತಿ ಅವಳದಾಗುತ್ತದೆ ಎಂಬುದನ್ನು ಶೈನ್‌ಬರ್ಗ್ ಮತ್ತು ಚಿತ್ರಕಥೆ ಬರೆದ ಎರಿನ್ ಕ್ರೆಸಿಡಾ ವಿಲ್ಸನ್ ಅರಿತಿದ್ದರು.

ಆದರೆ ಅವರು ನೋಡದೆ ದಾಟಿದ್ದೂ ಇದೆ. ಲೀ ಕೆಲಸ ಕೇಳಲು ಬಂದ ದಿನ ಹಿಂದಿನ ಸೆಕ್ರೆಟರಿ ಅಳುತ್ತ ತನ್ನ ಸಾಮಾನು ಹೊತ್ತು ಹೊರಗೆ ಹೋಗುತ್ತಿರುತ್ತಾಳೆ. ಕಚೇರಿಯ ಹೊರಗೆ ‘ಸೆಕ್ರೆಟರಿ ಬೇಕಾಗಿದ್ದಾರೆ’ ಎಂಬ ಫಲಕಕ್ಕೆ ದೀಪದ ಏರ್ಪಾಡೇ ಇದೆ, ಬೇಕಾದಾಗ ಹಚ್ಚಲು, ಬೇಡದಾಗ ಆರಿಸಲು. ಹಾಗಾದರೆ ಲೀಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರಿಗೆ ಏನಾಗಿತ್ತು? ಅವರಿಗೂ ಅದು ಬೇಕಾಗಿತ್ತೇ? ಕಥೆ ಲೀಯ ಕಣ್ಣಿನಿಂದ ನಡೆಯುವುದರಿಂದ ಈ ಪ್ರಶ್ನೆ ಹಗುರವಾಗಿ ಹಾರಿಹೋಗುತ್ತದೆ. ಇನ್ನೊಂದು ನಷ್ಟ ಇದಕ್ಕಿಂತ ಮೌನವಾದದ್ದು. ಬೆರಳಚ್ಚಿನಲ್ಲಿ ಕೈ ಪಳಗಿಸಿಕೊಂಡು ಮೊದಲ ಸಂಬಳ ಗಳಿಸಿದ ಹುಡುಗಿ ಕೊನೆಗೆ ಹಾಸಿಗೆ ಹಾಸಿ, ಗಂಡನನ್ನು ಕೆಲಸಕ್ಕೆ ಕಳಿಸಿ, ಬಾಗಿಲಲ್ಲಿ ನಿಲ್ಲುತ್ತಾಳೆ. ಪ್ರೇಮ ಸಿಕ್ಕಿತು, ಕೆಲಸ ಹೋಯಿತು. ಚಿತ್ರಕ್ಕೆ ಅದು ಕಳೆದುಹೋದದ್ದು ಅನಿಸಿದಂತೆ ಕಾಣುವುದಿಲ್ಲ.

ಮೂಲ ಕಥೆಯನ್ನು ಬರೆದ ಮೇರಿ ಗೇಟ್ಸ್‌ಕಿಲ್ ಹೀಗೆ ಮುಗಿಸಿರಲಿಲ್ಲ. 1988ರ ‘ಬ್ಯಾಡ್ ಬಿಹೇವಿಯರ್’ ಸಂಕಲನದ ಆ ಕಥೆಯಲ್ಲಿ ಮದುವೆಯಿಲ್ಲ, ಪ್ರೇಮವೂ ಇಲ್ಲ. ಹುಡುಗಿ ಒಂದು ದಿನ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುತ್ತಾಳೆ. ತನಗಾದದ್ದು ಏನು, ಅದರಲ್ಲಿ ತನ್ನ ಪಾಲೆಷ್ಟು ಎಂದು ಹೆಸರಿಡಲಾಗದ ಕಲಕು ಅವಳೊಳಗೆ ಉಳಿಯುತ್ತದೆ. ಗೇಟ್ಸ್‌ಕಿಲ್ 2023ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅದೇ ಹೆಂಗಸನ್ನು ವಯಸ್ಸಾದವಳಾಗಿ ಮತ್ತೆ ಎತ್ತಿಕೊಂಡರು. ಮೂವತ್ತೈದು ವರ್ಷದ ನಂತರವೂ ಲೇಖಕಿಗೆ ಆ ಕಚೇರಿಯ ಬಾಗಿಲು ಮುಚ್ಚಿರಲಿಲ್ಲ. ಸಿನಿಮಾ ಬಿಡಿಸಿದ ಗಂಟನ್ನು ಕಥೆ ಗಂಟಾಗಿಯೇ ಇಟ್ಟಿತು. ಎರಡೂ ನನಗೆ ಬೇಕು. ಒಂದನ್ನೇ ಆರಿಸು ಎಂದರೆ ಕಥೆಯನ್ನೇ ಆರಿಸುತ್ತೇನೆ.

ಹೊಡೆತ ಬೇಡ, ಸ್ಪರ್ಶ ಕೂಡ ಇಲ್ಲದ ಒಂದು ಪ್ರೇಮವನ್ನು ಇದರ ಪಕ್ಕದಲ್ಲಿಡಬೇಕು. ಕಜುವೊ ಇಶಿಗುರೊ ಅವರ ಬೂಕರ್ ಗೆದ್ದ ಕಾದಂಬರಿಯನ್ನು ಜೇಮ್ಸ್ ಐವರಿ 1993ರಲ್ಲಿ ‘ದಿ ರಿಮೇನ್ಸ್ ಆಫ್ ದ ಡೇ’ ಎಂಬ ಚಿತ್ರವಾಗಿಸಿದರು. ಇಂಗ್ಲಿಷ್ ಜಮೀನ್ದಾರನ ಬಂಗಲೆಯ ಬಟ್ಲರ್ ಸ್ಟೀವನ್ಸ್ (ಆಂಥನಿ ಹಾಪ್ಕಿನ್ಸ್) ಮಿಸ್ ಕೆಂಟನ್‌ಳನ್ನು (ಎಮ್ಮಾ ಥಾಂಪ್ಸನ್) ಸಂದರ್ಶಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ. ಆಳುಗಳ ಲೋಕದಲ್ಲಿ ಅವನು ಅವಳ ಮೇಲಿನವನು. ನಾಜಿಗಳತ್ತ ಒಲಿದ ದಣಿ, ಇಬ್ಬರು ಯಹೂದಿ ಹುಡುಗಿಯರನ್ನು ಕೆಲಸದಿಂದ ಬಿಡಿಸು ಎಂದಾಗ ಸ್ಟೀವನ್ಸ್ ತಲೆಯಾಡಿಸುತ್ತಾನೆ. ಕೆಂಟನ್, ಅವರು ಹೋದರೆ ನಾನೂ ಹೋಗುತ್ತೇನೆ ಎನ್ನುತ್ತಾಳೆ. ಹೋಗುವುದಿಲ್ಲ. ಹೋಗಲು ತನಗೆ ಜಾಗವೇ ಇಲ್ಲ ಎಂದು ಆಮೇಲೆ ಅವನ ಮುಂದೆಯೇ ಒಪ್ಪಿಕೊಳ್ಳುತ್ತಾಳೆ. ಈ ಪ್ರೇಮ ಮಾತಿಗೆ ಬಾರದೆ ಸತ್ತದ್ದಕ್ಕೆ ಸ್ಟೀವನ್ಸನ ಬಿಗುಮಾನವೇ ಕಾರಣ ಎಂದು ಬಹಳ ಮಂದಿ ಬರೆದಿದ್ದಾರೆ. ಅದು ಅರ್ಧ ನಿಜ. ಮನೆಯೇ ಕಚೇರಿಯಾದವರಿಗೆ, ಕೆಲಸ ಬಿಟ್ಟರೆ ಮಲಗುವ ಜಾಗವೂ ಹೋಗುವವರಿಗೆ, ಪ್ರೇಮ ಎಂಬುದು ತಲೆಯ ಮೇಲಿನ ಸೂರನ್ನೇ ಪಣಕ್ಕಿಟ್ಟ ಆಟ. ಕೆಂಟನ್ ಕೊನೆಗೆ ಬೇರೊಬ್ಬನನ್ನು ಮದುವೆಯಾಗಿ ಹೊರಡುವುದು ಆ ಮನೆಯಿಂದ ಹೊರಗೆ ಹೋಗಲು ಅವಳಿಗಿದ್ದ ಒಂದೇ ಬಾಗಿಲೂ ಹೌದು.

ಕುರ್ಚಿಯಲ್ಲಿ ಹೆಣ್ಣು ಕೂತರೆ? ಇಲ್ಲಿ ಕನ್ನಡದ ಪಾಲು ದೊಡ್ಡದು. ಎಚ್. ಜಿ. ರಾಧಾದೇವಿಯವರ ಕಾದಂಬರಿ ಆಧರಿಸಿ ಎಂ. ಎಸ್. ರಾಜಶೇಖರ್ ನಿರ್ದೇಶಿಸಿದ ‘ಅನುರಾಗ ಅರಳಿತು’ (1986) ಮಾಲಕಿ ಮತ್ತು ಕಾರ್ಮಿಕನ ಕಥೆ. ರಾಜ್‌ಕುಮಾರ್, ಮಾಧವಿ, ಗೀತಾ ಅಭಿನಯದ ಈ ಚಿತ್ರ ತೆಲುಗಿಗೆ ‘ಘರಾನಾ ಮೊಗುಡು’ (1992), ತಮಿಳಿಗೆ ‘ಮನ್ನನ್’ (1992), ಹಿಂದಿಗೆ ‘ಲಾಡ್ಲಾ’ (1994) ಆಗಿ ಹೋಯಿತು. ಚಿರಂಜೀವಿ, ರಜನೀಕಾಂತ್, ಅನಿಲ್ ಕಪೂರ್ ಸರದಿಯಂತೆ ಅದೇ ಕಾರ್ಮಿಕನಾದರು. ಮಾಲಕಿಯ ಪಾತ್ರ ನಗ್ಮಾ, ವಿಜಯಶಾಂತಿ, ಶ್ರೀದೇವಿ ಅವರಿಗೆ ಬಂತು. ಒಂದು ಕನ್ನಡ ಕಾದಂಬರಿಯ ಎಳೆ ನಾಲ್ಕು ಭಾಷೆಗಳ ಪ್ರೇಕ್ಷಕರಿಗೆ ಇಷ್ಟು ರುಚಿಸಿದ್ದೇಕೆ?

ಗರ್ವಿಷ್ಠ ಮಾಲಕಿ ತನಗೆ ತಲೆಬಾಗದ ಕೆಲಸಗಾರನನ್ನು ಬಗ್ಗಿಸಲೆಂದೇ ಮದುವೆಯಾಗುತ್ತಾಳೆ. ಕಾರ್ಖಾನೆಯಲ್ಲಿ ಅವಳು ಧಣಿ, ಮನೆಯಲ್ಲಿ ಅವನು ಗಂಡ. ಒಂದೇ ಜೋಡಿಯ ನಡುವೆ ಎರಡು ಅಧಿಕಾರಗಳು ಎದುರು ಬದುರಾಗುತ್ತವೆ. ಈ ಹೂಡಿಕೆಯಲ್ಲಿ ಬೇಕಾದಷ್ಟು ಸತ್ವವಿದೆ. ಬೋನಸ್ಸು, ಮುಷ್ಕರ, ಯಂತ್ರದ ಮುಂದೆ ನಿಂತವರ ಸ್ವಾಭಿಮಾನ ಎಲ್ಲವೂ ಪ್ರೇಮಕಥೆಯೊಳಗೆ ಬರಬಹುದಾಗಿತ್ತು, ಕೆಲವೆಡೆ ಬರುತ್ತವೆ ಕೂಡ. ಆದರೆ ತೀರ್ಪು ಮೊದಲೇ ಬರೆದಾಗಿದೆ. ಕಾರ್ಖಾನೆಯ ಅಧಿಕಾರ ಅವಳ ದರ್ಪ, ಮನೆಯ ಅಧಿಕಾರ ಅವನ ಧರ್ಮ. ಅವಳು ಸೋಲಬೇಕು, ಸೋತು ಹೆಂಡತಿಯಾಗಬೇಕು. ಮಾಲೀಕ ಗಂಡಸಾಗಿದ್ದು ಕೆಲಸಗಾರ್ತಿಯನ್ನು ಮದುವೆಯಾಗಿದ್ದರೆ ಅವನು ಕಾರ್ಖಾನೆ ಬಿಟ್ಟು ಒಲೆಯ ಮುಂದೆ ಕೂರಬೇಕೆಂದು ಯಾವ ಚಿತ್ರವೂ ಹೇಳುತ್ತಿರಲಿಲ್ಲ. ರಾಜ್‌ಕುಮಾರ್ ಅವರ ಸೌಮ್ಯ ಗಾಂಭೀರ್ಯ ಕನ್ನಡದ ಚಿತ್ರಕ್ಕೆ ಒಂದು ಮಾನವೀಯ ಕಳೆ ಕೊಟ್ಟಿದೆ. ಮರುಚಿತ್ರಣಗಳಲ್ಲಿ ಆ ಕಳೆಯೂ ಇಳಿದು ಹೆಣ್ಣಿನ ಸೊಕ್ಕಡಗಿಸುವ ಚಪ್ಪಾಳೆ ಮಾತ್ರ ಜೋರಾಗುತ್ತದೆ. ಲೀ ಹಾಲೊವೇಯಂತೆಯೇ ಈ ಮಾಲಕಿಯ ಕಥೆಯೂ ಕಚೇರಿಯಿಂದ ಮನೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಕಂಡಾಗ ದೇಶ, ಕಾಲ, ಶೈಲಿಗಳ ದೂರ ಎಷ್ಟು ಕಡಿಮೆ ಅನಿಸುತ್ತದೆ.

ಹೆಣ್ಣು ಅಧಿಕಾರಿಯನ್ನು ನೇರವಾಗಿ ಖಳನಾಯಕಿ ಮಾಡಿದ ‘ಡಿಸ್‌ಕ್ಲೋಷರ್’ (1994) ಮತ್ತು ‘ಐತ್‌ರಾಜ್’ (2004) ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ದಿ ಪ್ರೊಪೋಸಲ್’ (2009) ಹಾಸ್ಯದ ಸೋಗಿನಲ್ಲಿ ಇವಕ್ಕಿಂತ ಪ್ರಾಮಾಣಿಕ. ಕೆನಡಾದ ಸಂಪಾದಕಿ ಅಮೆರಿಕದಿಂದ ಗಡಿಪಾರಾಗುವುದನ್ನು ತಪ್ಪಿಸಿಕೊಳ್ಳಲು ತನ್ನ ಸಹಾಯಕನನ್ನು ಮದುವೆಗೆ ಬಲವಂತಪಡಿಸುತ್ತಾಳೆ. ಅವನು ಸುಮ್ಮನೆ ಒಪ್ಪುವುದಿಲ್ಲ, ಬಡ್ತಿ ಕೊಟ್ಟರೆ ಮಾತ್ರ ಎಂದು ಚೌಕಾಸಿ ಮಾಡುತ್ತಾನೆ. ಪ್ರೇಮದ ಮೊದಲ ಪುಟವೇ ಕರಾರು. ಆದರೆ ಅದೇ ಬಲವಂತವನ್ನು ಗಂಡು ಸಂಪಾದಕ ತನ್ನ ಸಹಾಯಕಿಯ ಮೇಲೆ ಹೇರಿದ್ದರೆ 2009ರಲ್ಲೂ ಯಾರೂ ನಗುತ್ತಿರಲಿಲ್ಲ. ಆ ನಗುವಿನ ಹಿಂದೆ ಹೆಣ್ಣಿನ ಅಧಿಕಾರ ನಿಜವಾದದ್ದಲ್ಲ, ತಾತ್ಕಾಲಿಕ ಎಂಬ ನಂಬಿಕೆ ಇದೆ.

ಈಚಿನ ಎರಡು ಚಿತ್ರಗಳು ಆ ನಂಬಿಕೆಯನ್ನು ಮುರಿದಿವೆ, ಎರಡೂ ಮಹಿಳೆಯರು ಬರೆದು ನಿರ್ದೇಶಿಸಿದವು. ಕ್ಲೊಯಿ ಡೊಮಾಂಟ್ ಅವರ ‘ಫೇರ್ ಪ್ಲೇ’ (2023) ಹೂಡಿಕೆ ಸಂಸ್ಥೆಯೊಂದರಲ್ಲಿ ಗುಟ್ಟಾಗಿ ನಿಶ್ಚಿತಾರ್ಥ ಮಾಡಿಕೊಂಡ ಜೋಡಿಯ ಕಥೆ. ಇಬ್ಬರೂ ಒಂದೇ ಹಂತದಲ್ಲಿದ್ದಾಗ ಎಲ್ಲ ಸರಿ. ಅವಳಿಗೆ ಬಡ್ತಿ ಸಿಕ್ಕಿ ಅವನು ಅವಳ ಕೆಳಗೆ ಬಂದ ದಿನದಿಂದ ಅವನ ಪ್ರೀತಿ ಕೊಳೆಯಲು ಶುರುವಾಗುತ್ತದೆ. ಮೊದಲು ಅನುಮಾನ, ಆಮೇಲೆ ಚುಚ್ಚುಮಾತು, ಕೊನೆಗೆ ಹಿಂಸೆ. ‘ಅನುರಾಗ ಅರಳಿತು’ ಬಳಗದ ಚಿತ್ರಗಳು ಸಂಭ್ರಮಿಸಿದ ಗಂಡಸಿನ ಹಟವನ್ನೇ ಇದು ಇನ್ನೊಂದು ಮಗ್ಗುಲಿನಿಂದ, ಅವಳು ನಿಂತ ಜಾಗದಿಂದ ತೋರಿಸುತ್ತದೆ.

ಹಲೀನಾ ರೈನ್ ಅವರ ‘ಬೇಬಿಗರ್ಲ್’ (2024) ‘ಸೆಕ್ರೆಟರಿ’ಯ ನಂತರದ ಪೀಳಿಗೆಯ ಚಿತ್ರ. ರೋಮಿ (ನಿಕೋಲ್ ಕಿಡ್‌ಮನ್) ಯಂತ್ರೀಕರಣದ ಕಂಪನಿಯೊಂದರ ಮುಖ್ಯಸ್ಥೆ, ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳಿರುವವಳು. ಇಂಟರ್ನ್ ಆಗಿ ಬಂದ ಹುಡುಗ ಸ್ಯಾಮ್ಯುಯೆಲ್‌ಗೆ (ಹ್ಯಾರಿಸ್ ಡಿಕಿನ್ಸನ್) ಅವಳ ಒಳಗಿನ ಆಸೆ ಒಂದೇ ನೋಟಕ್ಕೆ ತಿಳಿಯುತ್ತದೆ. ಎಲ್ಲರಿಗೂ ಆಜ್ಞೆ ಮಾಡುವವಳಿಗೆ ಆಜ್ಞೆ ಪಾಲಿಸುವ ಹಂಬಲ. ಎಲ್ಲರೆದುರು ಅವನು ಅವಳ ಮೇಜಿಗೆ ಒಂದು ಲೋಟ ಹಾಲು ಕಳಿಸುತ್ತಾನೆ, ಅವಳು ಕುಡಿದು ಮುಗಿಸುತ್ತಾಳೆ. ತಾನು ಒಂದು ಫೋನ್ ಮಾಡಿದರೆ ಅವಳು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ ಎಂದು ಅವನು ಹೇಳುವಾಗ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಸುಲಭದ ಉತ್ತರ ಉಳಿಯುವುದಿಲ್ಲ. ವೆನಿಸ್‌ನಲ್ಲಿ ಕಿಡ್‌ಮನ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದು ನ್ಯಾಯ. ಅಂಥ ಬಯಲಾಗುವಿಕೆಗೆ ಧೈರ್ಯ ಬೇಕು. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಇನ್ನೊಂದು ಪಾತ್ರ, ರೋಮಿಯ ಸಹಾಯಕಿ ಎಸ್ಮೆ. ತಿಂಗಳುಗಟ್ಟಲೆ ತನ್ನ ಬಡ್ತಿಯ ಮಾತಿಗೆ ಕಾಯುತ್ತಿದ್ದವಳು ಅವಳು. ವಿಷಯ ಗೊತ್ತಾದಾಗ ಅವಳು ರೋಮಿಯನ್ನು ಕೆಡವುವುದಿಲ್ಲ. ಮೇಲಿರುವ ಹೆಣ್ಣು ಹೇಗಿರಬೇಕೆಂದು ತಾನು ನಂಬಿದ್ದೇನೋ ಹಾಗೆ ಇರು ಎಂದು ಕೇಳುತ್ತಾಳೆ. ಇಬ್ಬರ ಪ್ರೇಮದ ಬೆಲೆಯನ್ನು ಮೂರನೆಯವರೊಬ್ಬರು ತೆರುತ್ತಿರುತ್ತಾರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನೆನಪಿಸಿದ ಚಿತ್ರಗಳು ಕಡಿಮೆ.

ಸಿನಿಮಾದ ಹೊರಗೂ ಈ ನಡುವೆ ಲೋಕ ಬದಲಾಗಿದೆ. 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಅದು ಕಾನೂನಾಯಿತು. 2017ರ ‘ಮೀ ಟೂ’ ಅಲೆ ಮರುವರ್ಷ ಭಾರತಕ್ಕೂ ಬಂತು. ಮೆಕ್‌ಡೊನಾಲ್ಡ್ಸ್ ಕಂಪನಿ ನೌಕರರೊಬ್ಬರೊಂದಿಗೆ ಸಂಬಂಧವಿಟ್ಟುಕೊಂಡ ಮುಖ್ಯಸ್ಥನನ್ನು 2019ರಲ್ಲಿ ಮನೆಗೆ ಕಳಿಸಿತು. ಅದು ಪರಸ್ಪರ ಒಪ್ಪಿಗೆಯದು ಎಂದು ಕಂಪನಿಯೇ ಹೇಳಿತ್ತು. ನೆಸ್ಲೆ 2025ರಲ್ಲಿ ನೇರ ಕೈಕೆಳಗಿನವರೊಂದಿಗಿನ ಸಂಬಂಧವನ್ನು ಮುಚ್ಚಿಟ್ಟದ್ದಕ್ಕೆ ತನ್ನ ಮುಖ್ಯಸ್ಥನನ್ನು ತೆಗೆದುಹಾಕಿತು. ಇಬ್ಬರೂ ಒಪ್ಪಿದ್ದಾರೆ ಎಂಬುದಷ್ಟೇ ಇನ್ನು ಸಾಲದು, ಆ ಒಪ್ಪಿಗೆ ಉಳಿದವರ ಬಡ್ತಿ, ಸಂಬಳ, ನಂಬಿಕೆಗಳನ್ನು ಹೇಗೆ ಮುಟ್ಟುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದರಿಂದ ಇಂಥ ಪ್ರೇಮಕಥೆಗಳು ಸತ್ತುಹೋಗುತ್ತವೆ ಎಂದು ಕೆಲವರು ಹಲುಬಿದರು. ಆದದ್ದು ಬೇರೆ. ಬರಹಗಾರರು ಮೊದಲಿಗಿಂತ ಹೆಚ್ಚು ಯೋಚಿಸಬೇಕಾಯಿತು.

ಭಾರತೀಯ ಸಿನಿಮಾ ಈ ಯೋಚನೆಯನ್ನು ಕಾನೂನಿಗಿಂತ ಮೊದಲೇ ಒಮ್ಮೆ ಮಾಡಿತ್ತು. ಭೀಮ್‌ಸೈನ್ ಅವರ ‘ಘರೌಂದಾ’ (1977) ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು ಹುಡುಕುವ ಇಬ್ಬರು ಗುಮಾಸ್ತರ ಕಥೆ. ಬಿಲ್ಡರ್ ಹಣ ನುಂಗಿ ಓಡಿಹೋಗುತ್ತಾನೆ. ಕಚೇರಿಯ ಮಾಲೀಕ ಮೋದಿ (ಶ್ರೀರಾಂ ಲಾಗೂ) ವಯಸ್ಸಾದವನು, ಹೃದ್ರೋಗಿ. ಟೈಪಿಸ್ಟ್ ಛಾಯಾಳಲ್ಲಿ (ಜರೀನಾ ವಹಾಬ್) ಅವನಿಗೆ ತೀರಿಕೊಂಡ ಹೆಂಡತಿ ಕಾಣುತ್ತಾಳೆ. ಅವಳನ್ನು ಪ್ರೀತಿಸುವ ಸುದೀಪ್ (ಅಮೋಲ್ ಪಾಲೇಕರ್) ತಾನೇ ಹೇಳುತ್ತಾನೆ: ಅವನನ್ನು ಮದುವೆಯಾಗು, ಹೆಚ್ಚು ದಿನ ಬದುಕುವವನಲ್ಲ, ಆಮೇಲೆ ನಮಗೆ ಮನೆ ಸಿಗುತ್ತದೆ. ಅವಳು ಮನಸ್ಸು ಮುರಿದುಕೊಂಡು ಮದುವೆಯಾಗುತ್ತಾಳೆ. ಮೋದಿ ಅವಳ ಆರೈಕೆಯಲ್ಲಿ ಚೇತರಿಸಿಕೊಳ್ಳುತ್ತಾನೆ. ಅವಳು ನಿಜವಾಗಿ ಅವನ ಹೆಂಡತಿಯಾಗುತ್ತಾಳೆ. ಮಾಲೀಕನನ್ನು ಕೆಟ್ಟವನಾಗಿಸುವ ಸುಲಭದ ದಾರಿಯನ್ನು ಈ ಚಿತ್ರ ತುಳಿಯಲಿಲ್ಲ. ಇಲ್ಲಿ ಹೆಣ್ಣನ್ನು ಸರಕಾಗಿಸಿದವನು ಪ್ರೇಮಿ. ಅವನ ಕೈಯಲ್ಲಿ ಅದನ್ನು ಮಾಡಿಸಿದ್ದು ಮನೆಬಾಡಿಗೆ. ಲಾಗೂ ಅವರ ಅಭಿನಯಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಆದರೂ ಈ ಚಿತ್ರವನ್ನು ಈಗ ಜನ ಹಾಡುಗಳಿಗಾಗಿ ನೆನೆಯುತ್ತಾರೆ, ಕಥೆಯ ಧೈರ್ಯಕ್ಕಾಗಿ ನೆನೆಯುವವರು ಕಡಿಮೆ. ಇದು ನನಗೆ ಬೇಸರದ ಸಂಗತಿ.

ಇಲ್ಲಿಂದ ರೋಹೆನಾ ಗೇರಾ ಅವರ ‘ಸರ್’ (2018) ಚಿತ್ರಕ್ಕೆ ಬರಬೇಕು. ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಇದಕ್ಕಿಂತ ಆಳವಾಗಿ ಕೇಳಿದ ಚಿತ್ರ ನಾನು ಕಂಡಿಲ್ಲ. ಕಾನ್‌ನ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಮೊದಲು 2018ರಲ್ಲಿ ಪ್ರದರ್ಶನ ಕಂಡು, ಭಾರತದ ಚಿತ್ರಮಂದಿರಗಳಿಗೆ 2020ರ ನವೆಂಬರಿನಲ್ಲಿ ಬಂತು. ರತ್ನಾ (ತಿಲೋತ್ತಮಾ ಶೋಮ್) ಮಹಾರಾಷ್ಟ್ರದ ಹಳ್ಳಿಯ ಎಳೆಯ ವಿಧವೆ, ಮುಂಬಯಿಯ ಎತ್ತರದ ಕಟ್ಟಡದ ಫ್ಲ್ಯಾಟಿನಲ್ಲಿ ಇದ್ದು ಮನೆಗೆಲಸ ಮಾಡುವವಳು. ಯಜಮಾನ ಅಶ್ವಿನ್ (ವಿವೇಕ್ ಗೊಂಬರ್) ಮದುವೆ ಮುರಿದುಕೊಂಡು ಒಬ್ಬನೇ ಮರಳಿ ಬಂದವನು. ಅವಳಿಗೆ ಬಟ್ಟೆ ವಿನ್ಯಾಸ ಕಲಿಯುವ ಆಸೆ. ಮಧ್ಯಾಹ್ನ ಒಂದೆರಡು ತಾಸು ಬಿಡುವು ಕೇಳಲು ಅವಳು ಪಡುವ ಸಂಕೋಚದಲ್ಲೇ ಇಡೀ ಸಂಬಂಧದ ಅಳತೆ ಇದೆ.

ಊರಿನಿಂದ ಹೊರಟ ಬಸ್ಸಿನಲ್ಲಿ ಅವಳು ಬಳೆ ತೊಡುತ್ತಾಳೆ. ಊರಲ್ಲಿ ವಿಧವೆಗೆ ಬಳೆಯಿಲ್ಲ, ಮುಂಬಯಿಯಲ್ಲಿ ಕೇಳುವವರಿಲ್ಲ. ಆ ಮಹಾನಗರ ಅವಳಿಗೆ ಬಿಡುಗಡೆ. ಅಶ್ವಿನ್‌ಗೆ ಅದೇ ಊರು ಉಸಿರು ಕಟ್ಟಿಸುತ್ತದೆ. ಕ್ಯಾಮೆರಾ ಗೋಡೆ ದಾಟಿ ಅವಳ ಕೋಣೆಯಿಂದ ಅವನ ಕೋಣೆಗೆ ಸರಿದಾಗ, ಒಂದೇ ಸೂರಿನ ಕೆಳಗೆ ಎಷ್ಟು ಮೈಲಿ ದೂರವಿದೆ ಎಂದು ಕಾಣುತ್ತದೆ. ಅವಳು ಉಣ್ಣುವುದು ಅಡುಗೆಮನೆಯ ನೆಲದ ಮೇಲೆ ಕೂತು. ಬಟ್ಟೆಯಂಗಡಿಗೆ ಕಾಲಿಟ್ಟರೆ ಅವಳನ್ನು ಹೊರಗೆ ಕಳಿಸುತ್ತಾರೆ. ಅಶ್ವಿನ್ ಅವಳಿಗೆ ಹೊಲಿಗೆ ಯಂತ್ರ ಕೊಡಿಸುತ್ತಾನೆ. ಒಳ್ಳೆಯವನು, ಬಹಳ ಒಳ್ಳೆಯವನು. ಗೇರಾ ಅವನನ್ನು ಒಳ್ಳೆಯವನನ್ನಾಗಿ ಮಾಡಿದ್ದೇ ಚಿತ್ರದ ಗಟ್ಟಿತನ. ಕೆಟ್ಟ ಯಜಮಾನನಿದ್ದರೆ ಅದು ದೌರ್ಜನ್ಯದ ಕಥೆಯಾಗಿ ಮುಗಿಯುತ್ತಿತ್ತು. ಒಳ್ಳೆಯವನಿದ್ದಾಗಲೂ ಇದೇಕೆ ಅಸಾಧ್ಯ ಎಂಬುದೇ ಇಲ್ಲಿರುವ ಕಷ್ಟ.

ಅವನು ಪ್ರೀತಿಯನ್ನು ಹೇಳಿದಾಗ ‘ಬೇಡ’ ಎನ್ನುವವಳು ಅವಳು. ಅವನಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ಕಟ್ಟಡದ ಕಾವಲುಗಾರ, ಡ್ರೈವರುಗಳು, ಪಕ್ಕದ ಮನೆಯ ಕೆಲಸದವಳು, ಊರಲ್ಲಿ ಓದುತ್ತಿರುವ ತಂಗಿ, ಇವರೆಲ್ಲರ ಬಾಯಲ್ಲಿ ತಾನು ಏನಾಗುತ್ತೇನೆ ಎಂದು. ಅವನು ಜಗತ್ತಿಗೆ ಹೆದರುವುದಿಲ್ಲ ಎನ್ನಬಲ್ಲ, ಏಕೆಂದರೆ ಹೆದರದೆ ಇರುವುದು ಅವನ ಕೈಗೆಟುಕುವ ವಸ್ತು. 2013ರ ಕಾನೂನು ಮನೆಗೆಲಸದವರನ್ನೂ ಒಳಗೊಳ್ಳುತ್ತದೆ. ಅದರ ಕಣ್ಣಿನಲ್ಲಿ ಆ ಫ್ಲ್ಯಾಟ್ ಒಂದು ಕೆಲಸದ ಜಾಗ. ಅಶ್ವಿನ್‌ಗೆ ಅದು ಮನೆ, ರತ್ನಾಳಿಗೆ ಎರಡೂ. ಕೆಂಟನ್‌ಗೆ ಆ ಬಂಗಲೆ ಇದ್ದ ಹಾಗೆ. ಆದರೆ ಕೆಂಟನ್‌ಳಂತೆ ರತ್ನಾ ಉಳಿಯುವುದಿಲ್ಲ. ಕೆಲಸ ಬಿಟ್ಟು ತಂಗಿಯ ಮನೆಗೆ ಹೋಗುತ್ತಾಳೆ. ಅಶ್ವಿನ್ ತಾನು ಹಿಂದೆ ಇದ್ದ ಅಮೆರಿಕಕ್ಕೆ ಮರಳುತ್ತಾನೆ, ಹೋಗುವ ಮುನ್ನ ಅವಳಿಗೆ ವಿನ್ಯಾಸಕಿಯೊಬ್ಬಳ ಬಳಿ ಕೆಲಸಕ್ಕೆ ದಾರಿ ಮಾಡಿರುತ್ತಾನೆ. ಅವನು ಫೋನ್ ಮಾಡಿದಾಗ ಚಿತ್ರದುದ್ದಕ್ಕೂ ‘ಸರ್’ ಎಂದವಳು ಮೊದಲ ಬಾರಿ ಹೆಸರು ಹಿಡಿದು ಕರೆಯುತ್ತಾಳೆ. ಅಷ್ಟು ಹೊತ್ತಿಗೆ ಅವಳ ಸಂಬಳ ಬೇರೆ ಕೈಯಿಂದ ಬರುತ್ತಿದೆ. ಜೇನ್ ಏರ್‌ಗೆ ಚಿಕ್ಕಪ್ಪನ 5,000 ಪೌಂಡ್ ಮಾಡಿದ್ದನ್ನು ರತ್ನಾಳಿಗೆ ಅವಳ ಕಸುಬು ಮಾಡಿಕೊಟ್ಟಿತು. ‘ಸೆಕ್ರೆಟರಿ’ಯೂ ‘ಅನುರಾಗ ಅರಳಿತು’ ಸಾಲಿನ ಚಿತ್ರಗಳೂ ಕೈಬಿಟ್ಟದ್ದನ್ನು ಇದು ಕೈಬಿಡಲಿಲ್ಲ. ಪ್ರೇಮದ ಹೊಸ್ತಿಲಿಗೆ ಬಂದಾಗ ಹೆಣ್ಣಿಗೆ ಕೆಲಸವಿದೆ, ಅದು ಅವಳು ಬಯಸಿದ ಕೆಲಸ.

ಆದರೂ ಒಂದು ತಕರಾರು ನನ್ನಲ್ಲಿ ಉಳಿದಿದೆ. ಆ ಹೊಸ ಕೆಲಸವೂ ಅವನ ಪರಿಚಯದಿಂದ ಬಂದದ್ದು. ಅವಳ ಬೆರಳ ಚಳಕ ನಿಜ, ಬಾಗಿಲು ತೆರೆದದ್ದು ಅವನ ಫೋನ್. ಇನ್ನೂ ಮುಖ್ಯವಾಗಿ, ಆ ಕೊನೆಯ ಕರೆ ಸಾಧ್ಯವಾಗಲು ಅವನು ಸಾವಿರಾರು ಮೈಲಿ ದೂರ ಹೋಗಬೇಕಾಯಿತು. ಅವರಿಬ್ಬರೂ ಮುಂಬಯಿಯಲ್ಲೇ, ಅದೇ ಕಟ್ಟಡದಲ್ಲೇ, ಅದೇ ಕಾವಲುಗಾರನೆದುರು ಜೊತೆಯಾಗಿ ನಡೆದುಹೋಗುವುದನ್ನು ಗೇರಾ ತೋರಿಸಲಿಲ್ಲ. ಈ ದೇಶ ಬಲ್ಲ ಯಾರೂ ಅದನ್ನು ಸಲೀಸಾಗಿ ತೋರಿಸಲಾರರು, ಹಾಗಾಗಿ ಅವರನ್ನು ದೂರುವುದಿಲ್ಲ. ಆದರೆ ಮನೆಗೆಲಸದವರು ಲಕ್ಷಾಂತರ ಇರುವ ನಮ್ಮ ನಗರಗಳಲ್ಲಿ, ಬೆಂಗಳೂರಿನ ಸಾಲು ಸಾಲು ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಕಡೆ ಕೆಲಸದವರಿಗೆ ಬೇರೆ ಲಿಫ್ಟೇ ಇದೆ. ಅಶ್ವಿನ್ ಮತ್ತು ರತ್ನಾ ಒಂದೇ ಲಿಫ್ಟಿನಲ್ಲಿ ಹತ್ತಿ ಒಂದೇ ಬಾಗಿಲು ತೆರೆಯುವ ದೃಶ್ಯದಿಂದ ಶುರುವಾಗುವ ಚಿತ್ರವನ್ನು ಕನ್ನಡದಲ್ಲಾಗಲಿ ಬೇರೆ ಭಾಷೆಯಲ್ಲಾಗಲಿ ಯಾರಾದರೂ ಬರೆಯಬೇಕು. ಅಲ್ಲಿಂದ ಮುಂದಿನ ದಿನಗಳು, ಅಡುಗೆ ಯಾರದು, ಅತ್ತೆಯ ಮುಂದೆ ಅವಳು ಕುರ್ಚಿಯ ಮೇಲೆ ಕೂರುವಳೇ, ಹೊಸ ಕೆಲಸದಾಕೆ ಬಂದರೆ ಅವಳೊಂದಿಗೆ ರತ್ನಾ ಹೇಗೆ ಮಾತಾಡುವಳು, ಇವನ್ನೆಲ್ಲ ನಮ್ಮ ಸಿನಿಮಾ ಇನ್ನೂ ಮುಟ್ಟಿಲ್ಲ.